ಅವ್ವ ಕಿವಿಯಲ್ಲಿ ಹೇಳಿದ ಕಾರಣ

ಮಾರಿಷಸ್‌ಗೆ ಬಂದ ನಾಲ್ಕನೆಯ ದಿನ ಮುಂಜಾನೆ ಬಾಗಿಲು ಬಡಿದ ಮನುಷ್ಯ ನನ್ನ ರಕ್ತ ಕೇಳಿದ. ಬಿಳಿ ಅಂಗಿ, ಕೈಯಲ್ಲೊಂದು ಸಣ್ಣ ಪೆಟ್ಟಿಗೆ, ಮುಖದ ತುಂಬ ನಗು. ನಮ್ಮ ಮನೆಯವರು ಸಕ್ಕರೆ ಕಾರ್ಖಾನೆಗೆ ಹೋಗಿ ಆಗಿತ್ತು. ನಾನು ಚಿಲಕ ಹಾಕಿಕೊಂಡು ಒಳಗೇ ನಿಂತೆ. ಆತ ಕಿಟಕಿಗೆ ಬಂದು ತನ್ನ ಬೆರಳು ತೋರಿಸಿದ, ಸೂಜಿ ತೋರಿಸಿದ, ಮತ್ತೆ ನಕ್ಕ. ಮೇಲಿನ ಮನೆಯಲ್ಲಿದ್ದ ಮಾಲಕಿ ಮಾದಾಮ್ ರೋಜ್ ಇಳಿದು ಬಂದು, ಅಂಜಬೇಡ ಎಂಬಂತೆ ತನ್ನ ಬೆರಳನ್ನೇ ಮುಂದೆ ಚಾಚಿ ತೋರಿಸಿದ ಮೇಲೆ ನನಗೆ ತಿಳಿಯಿತು. ನಮ್ಮಂಥ ದೇಶಗಳಿಂದ ಬಂದವರಿಗೆ ಮಲೇರಿಯಾ ಇದೆಯೇ ಎಂದು ಇಲ್ಲಿನ ಸರಕಾರ ಮನೆಗೇ ಬಂದು ನೋಡುತ್ತದೆ. ವಿಮಾನ ನಿಲ್ದಾಣದಲ್ಲಿ ತುಂಬಿಕೊಟ್ಟ ಆರೋಗ್ಯದ ಚೀಟಿಯಲ್ಲಿ ವಿಳಾಸ ಬರೆದವಳು ನಾನೇ. ಮುಧೋಳದ ದವಾಖಾನೆಯ ಮುಂದೆ ರಕ್ತ ಪರೀಕ್ಷೆಗೆಂದು ಅರ್ಧ ದಿನ ಪಾಳಿ ಹಚ್ಚಿ ನಿಂತವಳಿಗೆ, ಮನೆಗೆ ಬಂದು ರಕ್ತ ತೆಗೆದುಕೊಂಡು, ಮೇಲೆ ಉಪಕಾರವಾಯಿತು ಎಂದು ಹೇಳಿ ಹೋಗುವ ಸರಕಾರ ಹೊಸದು. ಬೆರಳನ್ನು ಬಾಯಲ್ಲಿಟ್ಟುಕೊಂಡು ಬಹಳ ಹೊತ್ತು ಬಾಗಿಲಲ್ಲೇ ನಿಂತಿದ್ದೆ.

ನಮ್ಮ ಮನೆಯವರು ಊರಲ್ಲೂ ಸಕ್ಕರೆ ಕಾರ್ಖಾನೆಯಲ್ಲೇ ಇದ್ದವರು. ರಸ ಕುದಿಸಿ ಹರಳು ಕಟ್ಟಿಸುವ ಕಡಾಯಿಯ ಕೆಲಸ. ಅದೇ ಕೆಲಸ ಅವರನ್ನು ಇಲ್ಲಿಗೆ ಎಳೆದು ತಂದಿತು. ಹಾಗಾಗಿ ಮೊದಲ ದಿನಗಳಲ್ಲಿ ನನಗೆ ಗುರುತು ಸಿಕ್ಕಿದ್ದು ವಾಸನೆ ಒಂದೇ. ಗಾಳಿ ಈ ಕಡೆ ತಿರುಗಿದರೆ ಕಾಕಂಬಿಯ ಹುಳಿವಾಸನೆ ಥೇಟ್ ಊರಿನದು. ಉಳಿದದ್ದೆಲ್ಲ ಉಲ್ಟಾ. ನಮ್ಮಲ್ಲಿ ಕಾರ್ಖಾನೆ ಮುಚ್ಚಿ ಬಿಸಿಲೇರುವಾಗ ಇಲ್ಲಿ ಥಂಡಿ ಹಿಡಿದು ಕಬ್ಬು ಕಡಿಯಲು ತಯಾರಾಗುತ್ತಾರೆ. ಇಷ್ಟು ಕಬ್ಬಿದ್ದರೂ ಅಂಗಡಿಯಲ್ಲಿ ಒಂದು ಅಚ್ಚು ಬೆಲ್ಲ ಸಿಗಲಿಲ್ಲ. ಜೋಳದ ಹಿಟ್ಟಂತೂ ಕೇಳಲೇಬೇಡಿ. ರಸ್ತೆ ಬದಿಗೆ ದಾಲ್‌ಪುರಿ ಎಂದು ಮಾರುತ್ತಾರೆ. ಕಡಲೆಬೇಳೆ ತುಂಬಿ ಲಟ್ಟಿಸಿದ್ದು, ನೋಡಲು ನಮ್ಮ ಹೋಳಿಗೆ. ಆಸೆಯಿಂದ ಕಚ್ಚಿದರೆ ಒಳಗೆ ಬೆಲ್ಲವಿಲ್ಲ, ಮೇಲೆ ಕಾಳಿನ ಪಲ್ಯ, ಅದರ ಮೇಲೆ ಮೆಣಸಿನಕಾಯಿ. ಮೊದಲ ಸಲ ಸಿಟ್ಟು ಬಂತು. ಆರು ತಿಂಗಳಾಗುವಷ್ಟರಲ್ಲಿ ವಾರಕ್ಕೆರಡು ಸಲ ಬೇಕೇ ಬೇಕು ಎನ್ನುವಂತಾಯಿತು.

ಇಲ್ಲಿಯ ಮಾತು ಕ್ರಿಯೋಲ್. ಫ್ರೆಂಚ್ ಮಾತು ಮನೆಯ ಬಟ್ಟೆ ತೊಟ್ಟುಕೊಂಡು ಕೂತ ಹಾಗೆ ಇರುತ್ತದೆ. 'ಕಿ ಮಾನ್ಯೇರ್?' ಅಂದರೆ 'ಹೆಂಗದೀ?' ಮಾದಾಮ್ ರೋಜ್ ದಿನಾ ಕೇಳುತ್ತಿದ್ದಳು, ನಾನು ದಿನಾ ತಲೆಯಾಡಿಸುತ್ತಿದ್ದೆ. ಒಂದು ದಿನ ಧೈರ್ಯ ಮಾಡಿ ನಾನೇ ಮೊದಲು ಕೇಳಿಬಿಟ್ಟೆ. ಆಕೆ ಮೆಟ್ಟಿಲ ಮೇಲೆ ಕುಳಿತು ತನ್ನ ಮೊಣಕಾಲು ನೋವಿನಿಂದ ಹಿಡಿದು ಎಲ್ಲವನ್ನೂ ಹೇಳಿದಳು. ನನಗೆ ಒಂದು ಅಕ್ಷರ ತಿಳಿಯಲಿಲ್ಲ, ಆದರೆ ಪರೀಕ್ಷೆ ಪಾಸಾದಷ್ಟು ಖುಷಿಯಾಯಿತು. ಸಂಜೆ ಮನೆಯವರಿಗೆ ಅದನ್ನು ಮೂರು ಸಲ ಹೇಳಿದೆ.

ಎರಡನೆಯ ವರ್ಷ ನನಗೆ ದಿನ ನಿಂತವು. ನಮ್ಮ ಕಡೆ ಚೊಚ್ಚಲ ಬಾಣಂತನ ತವರಿನದು. ಅದರಲ್ಲಿ ಮಾತೇ ಇಲ್ಲ. ಏಳನೆಯ ತಿಂಗಳಿಗೆ ಕುಬಸ ಮಾಡಿ, ಹಸಿರು ಬಳೆ ಇಡಿಸಿ, ಮಗಳನ್ನು ಕರೆದುಕೊಂಡು ಹೋಗುತ್ತಾರೆ. ನಾನೂ ಮನಸ್ಸಿನಲ್ಲೇ ಪೆಟ್ಟಿಗೆ ಕಟ್ಟಿದ್ದೆ. ಆದರೆ ಐದನೆಯ ತಿಂಗಳಲ್ಲಿ ರಕ್ತ ಕಾಣಿಸಿಕೊಂಡಿತು. ಕೂಸಿನ ಮಾಸು ಕೆಳಗೆ ಅಡ್ಡ ಬಂದಿದೆ, ವಿಮಾನ ಹತ್ತಕೂಡದು, ಹೆರಿಗೆ ಇಲ್ಲೇ ಆಗಬೇಕು ಎಂದು ಡಾಕ್ಟರು ಹೇಳಿದರು. ಕಾರ್ಖಾನೆಯಲ್ಲಿ ಹಂಗಾಮು ಜೋರಾಗಿತ್ತು, ಮನೆಯವರು ಪಾಳಿಯ ಮೇಲೆ ಪಾಳಿ ಮಾಡುತ್ತಿದ್ದರು. ನಾನು ಹಾಸಿಗೆಯಲ್ಲಿ ಬಿದ್ದುಕೊಂಡು ಗೋಡೆ ನೋಡುತ್ತಿದ್ದೆ. ಅಂಜಿಕೆಯಾಗುತ್ತಿತ್ತು, ಅವ್ವ ಬೇಕಾಗಿದ್ದಳು. ಇದಕ್ಕಿಂತ ಬೇರೆ ತರಹ ಅದನ್ನು ಹೇಳಲು ಬರುವುದಿಲ್ಲ.

ಈ ದ್ವೀಪಕ್ಕೆ ಬರುವುದು ಹೇಗೆ ಎಂದು ಜಮಖಂಡಿ, ಬನಹಟ್ಟಿ ಕಡೆಯವರು ಫೋನಿನಲ್ಲಿ ಕೇಳುತ್ತಿರುತ್ತಾರೆ, ಅದಕ್ಕೆ ಇಲ್ಲೇ ಬರೆದುಬಿಡುತ್ತೇನೆ. ನೋಡಲು ಬರುವವರು ಮೊದಲೇ ವೀಸಾಕ್ಕೆಂದು ಓಡಾಡಬೇಕಿಲ್ಲ, ಇಳಿದ ಮೇಲೆ ಕೌಂಟರಿನಲ್ಲೇ ಠಸ್ಸೆ ಒತ್ತುತ್ತಾರೆ. ಕೇಳಲು ಬಹಳ ಸರಳ. ಆದರೆ ಒತ್ತುವುದೂ ಬಿಡುವುದೂ ಆ ಕೌಂಟರಿನವರ ಕೈಯಲ್ಲಿರುತ್ತದೆ. ಪಾಸ್‌ಪೋರ್ಟ್ ಬೇಕು, ಹೊಳ್ಳಿ ಹೋಗುವ ಟಿಕೀಟು ಬೇಕು, ಎಲ್ಲಿ ಇರುತ್ತೀರಿ ಎಂಬುದಕ್ಕೆ ಪತ್ರ ಬೇಕು, ನಿಮ್ಮನ್ನು ನೋಡಿಕೊಳ್ಳುವವರು ಯಾರು ಎಂಬುದಕ್ಕೆ ಇನ್ನೊಂದು ಪತ್ರ. ಸಸಿ, ಮಣ್ಣು ತರುವಂತಿಲ್ಲ. ಕಬ್ಬಿನ ಒಂದು ಗಣಿಕೆಯನ್ನೂ ತರುವಂತಿಲ್ಲ. ಎಲ್ಲಕ್ಕಿಂತ ಮುಖ್ಯ, ಕಾಗದದಲ್ಲಿ ಏನಿದೆಯೋ ಬಾಯಲ್ಲೂ ಅದೇ ಬರಬೇಕು.

ಅಪ್ಪ, ಅಣ್ಣ ಇಬ್ಬರೂ ಕಬ್ಬಿನ ಕಟಾವು ಬಿಟ್ಟು ಬರುವ ಹಾಗಿರಲಿಲ್ಲ. ಅವ್ವ ಒಬ್ಬಳೇ ಬರುವುದೆಂದಾಯಿತು. ಮುಧೋಳ ಬಿಟ್ಟರೆ ವಿಜಾಪುರ, ಒಮ್ಮೆ ಪಂಢರಪುರ, ಅಷ್ಟೇ ಆಕೆ ಕಂಡಿದ್ದು. ಪಾಸ್‌ಪೋರ್ಟಿನ ವಿಚಾರಣೆಗೆ ಬಂದ ಪೊಲೀಸನಿಗೆ ಉಣ್ಣಿಸಿ ಕಳಿಸಿದಳಂತೆ. ನಾನು ಫೋನಿನಲ್ಲಿ ದಿನವೂ ಪಾಠ ಹೇಳಿದೆ.

"ಯಾಕ ಬಂದೀರಿ ಅಂತ ಕೇಳ್ತಾರ. ಮಗಳ ಬಾಣಂತನಕ್ಕ ಬಂದೇನಿ ಅನ್ನು. ನಿನಗ ಬರೂ ಹಿಂದಿ ಸಾಕು."

"ಹೂಂ."

"ಕಬ್ಬ, ಸಸಿ ಏನೂ ತರಬ್ಯಾಡ."

"ಕಬ್ಬಿನ ದೇಶಕ್ಕ ಕಬ್ಬ ಯಾಕ ತರಲೇ ಹುಚ್ಚಿ. ನೀ ಸುಮ್ನ ಮಲಕೊ."

ಆ 'ಹೂಂ' ಒಪ್ಪಿಗೆಯೆಂದು ನಾನು ತಿಳಿದೆ. ಅಲ್ಲಿಯೇ ಎಡವಿದ್ದು.

ಅವ್ವ ಬರುವ ದಿನ ಡಾಕ್ಟರು ಬೇಡವೆಂದರೂ ಕೇಳದೆ ವಿಮಾನ ನಿಲ್ದಾಣಕ್ಕೆ ಹೋದೆ. ನಮ್ಮ ಮನೆಯಿಂದ ಅದು ಹತ್ತಿರ. ಮುಂಬಯಿ ವಿಮಾನದ ಮಂದಿಯೆಲ್ಲ ಹೊರಗೆ ಬಂದರು. ಹೊಸ ಮದುವೆಯ ಜೋಡಿಗಳು ಬಂದವು, ವಿಮಾನ ನಡೆಸುವವರೂ ಪೆಟ್ಟಿಗೆ ಉರುಳಿಸುತ್ತ ಬಂದರು. ಅವ್ವ ಬರಲಿಲ್ಲ. ಮನೆಯವರು ಬಾಗಿಲಿನವನನ್ನು ಕೇಳಿದರು, ಆತ ಒಳಗೆ ಹೋಗಿ ಬಂದು ಒಬ್ಬರು ಮಾತ್ರ ಬನ್ನಿ ಎಂದ. ಅವ್ವನ ಮಾತು ಬಿಡಿಸಿ ಹೇಳಲು ನಾನೇ ಹೋದೆ.

ಸಣ್ಣ ಕೋಣೆ. ಬೆಂಚಿನ ಮೇಲೆ ಅವ್ವ ತಲೆಯ ಮೇಲೆ ಸೆರಗು ಹೊದ್ದು ಕುಳಿತಿದ್ದಳು. ಮೇಜಿನ ಮೇಲೆ ಆಕೆಯ ಚೀಲವನ್ನೆಲ್ಲ ಬಿಚ್ಚಿ ಹರವಿದ್ದರು. ಬಾಣಂತಿಯ ಉಂಡೆಗೆ ಬೇಕಾದ ಅಂಟು, ಒಣಕೊಬ್ಬರಿ, ಉತ್ತತ್ತಿ, ಅಳವಿ, ಅಜಿವಾನ, ಬಜೆಯ ಬೇರು, ಕೂಸಿಗೆಂದು ಹಳೆಯ ಸೀರೆಗಳನ್ನು ಕೂಡಿಸಿ ಹೊಲಿದ ಮೊಳದುದ್ದದ ಕೌದಿ. ಹರೆಯದ ಅಧಿಕಾರಿಯೊಬ್ಬ ಅಂಟಿನ ಹರಳನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದ. ಅವನ ಪಕ್ಕದಲ್ಲಿ ಹಿರಿಯ ಹೆಂಗಸೊಬ್ಬಳು, ಅವನ ಮೇಲಧಿಕಾರಿ, ನಾವು ಬರೆದುಕೊಟ್ಟ ಪತ್ರ ಹಿಡಿದು ನಿಂತಿದ್ದಳು. ಆಕೆಯ ಪೂರ್ವಿಕರು ಬಿಹಾರದವರು, ಹಿಂದಿ ಬರುತ್ತಿತ್ತು.

ಆಕೆ ನನಗೆ ಹೇಳಿದ್ದಿಷ್ಟು. ಯಾಕೆ ಬಂದಿರಿ ಎಂದರೆ ತಿರುಗಾಡಲು ಎಂದಳಂತೆ ಅವ್ವ. ಏನು ನೋಡುತ್ತೀರಿ ಎಂದರೆ ದೇವರು ತೋರಿಸಿದ್ದು ಎಂದಳಂತೆ. ಪತ್ರದಲ್ಲಿ ಮಗಳ ಹೆರಿಗೆ ಎಂದಿದೆಯಲ್ಲ, ನಿಮ್ಮ ಮಗಳು ಬಸುರಿಯೇ ಎಂದು ನೇರವಾಗಿ ಕೇಳಿದರೆ, 'ನಹೀ' ಎಂದು ಮೂರು ಸಲ ಹೇಳಿದಳಂತೆ. ಪತ್ರ ಸುಳ್ಳು, ಇಲ್ಲವೆ ಬಂದವಳು ಸುಳ್ಳು. ಅದೇ ವಿಮಾನದಲ್ಲಿ ಹೊಳ್ಳಿ ಕಳಿಸುವ ಕಾಗದ ಅರ್ಧ ತುಂಬಿಯಾಗಿತ್ತು.

ಅಷ್ಟು ಹೊತ್ತಿಗೆ ಹರೆಯದವನ ಕಣ್ಣು ನನ್ನ ಒಂಬತ್ತು ತಿಂಗಳ ಹೊಟ್ಟೆಯ ಮೇಲೆ ಬಿತ್ತು. ಅವ್ವ ಬೆಂಚಿನಿಂದ ಜಿಗಿದೆದ್ದು ಬಂದು ತನ್ನ ಸೆರಗನ್ನೇ ಎಳೆದು ನನ್ನ ಹೊಟ್ಟೆಗೆ ಮುಚ್ಚಿದಳು. ಎರಡು ವರ್ಷದ ಮೇಲೆ ನನ್ನನ್ನು ನೋಡುತ್ತಿದ್ದಳು, ಮುಖ ನೋಡಲೇ ಇಲ್ಲ.

ಹಿರಿಯಳಿಗೆ ನಗು ತಡೆಯಲಾಗಲಿಲ್ಲ. ಆದರೂ ಕಾಯ್ದೆ ಕಾಯ್ದೆಯೇ ಎಂದಳು. ಕೇಳಿದ ಪ್ರಶ್ನೆಗೆ ಸುಳ್ಳು ಉತ್ತರ ದಾಖಲಾಗಿದೆ. ನೀನು ಹೇಳಿದರೆ ನಡೆಯುವುದಿಲ್ಲ, ಬಂದವಳೇ ತನ್ನ ಬಾಯಿಂದ ಖರೆ ಕಾರಣ ಹೇಳಬೇಕು.

"ಯವ್ವಾ, ಹೇಳಿಬಿಡು."

"ಇಷ್ಟ ದಿನ ಓಣ್ಯಾಗ ಒಬ್ಬರ ಮುಂದ ಬಾಯಿ ಬಿಟ್ಟಿಲ್ಲ. ಈಗ ಈ ಗುರ್ತಿಲ್ಲದ ಗಂಡಸಿನ ಮುಂದ ಹೇಳಲೇನು?"

"ಹೇಳದಿದ್ರ ನಿನ್ನ ಹೊಳ್ಳಿ ಕಳಸ್ತಾರ!"

"ಕಳಸ್ಲಿ. ಕೂಸಿಗೆ ದೃಷ್ಟಿ ಆಗೂಕಿಂತ ಛಲೋ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಇಷ್ಟು ದೂರ ಸಮುದ್ರ ದಾಟಿ ಬಂದು, ಬಾಗಿಲಲ್ಲಿ ನಿಂತು ಹಟ ಮಾಡುವ ಈ ಹೆಂಗಸಿಗೆ ನಾನು ಬೇಕೋ ತನ್ನ ನೇಮ ಬೇಕೋ ಎನಿಸಿತು. ಜೋರಾಗಿ ಒದರಿದೆ. "ನಾ ಸತ್ತರೂ ನೀ ಬಾಯಿ ಬಿಡೂದಿಲ್ಲೇನು?"

ಅವ್ವ ನನ್ನ ಹೊಟ್ಟೆಯ ಮೇಲಿನ ಸೆರಗು ಬಿಡಲಿಲ್ಲ. ಮೆಲ್ಲಗೆ ಹೇಳಿದಳು. "ನಿನ್ನಕಿಂತ ಮೊದಲ ಎರಡ ಹೋಗ್ಯಾವ, ಶೈಲಾ. ಆಗ ನಾ ಹರೇದ ಹುಡುಗಿ, ಖುಷಿಲೆ ಊರಿಗೆಲ್ಲಾ ಹೇಳಿದ್ದೆ. ಮೂರನೇದು ನೀ. ನೀ ಹೊಟ್ಟ್ಯಾಗ ಇದ್ದಾಗ ನಿಮ್ಮಪ್ಪಗ ಸೈತ ಆರ ತಿಂಗಳ ಹೇಳಲಿಲ್ಲ."

ಇದು ನನಗೆ ಗೊತ್ತಿರಲಿಲ್ಲ. ಮೂವತ್ತು ವರ್ಷ ಆಕೆಯ ಮಗಳಾಗಿದ್ದು ಗೊತ್ತಿರಲಿಲ್ಲ. ಬೆಂಚಿನ ಮೇಲೆ ಕುಳಿತು ಅತ್ತೆ. ಏನೆಂದಳು ನಿಮ್ಮವ್ವ ಎಂದು ಹಿರಿಯಳು ಕೇಳಿದಳು. ನನಗೆ ಬಂದಷ್ಟು ಹಿಂದಿಯಲ್ಲಿ ಹೇಳಿದೆ.

ಆಕೆ ಕೈಯಲ್ಲಿದ್ದ ಪತ್ರ ಮಡಿಚಿದಳು. ಆಮೇಲೆ ಹರೆಯದವನನ್ನು ಹೊರಗೆ ಕಳಿಸಿ ಬಾಗಿಲು ಮುಚ್ಚಿದಳು. ಟೊಪ್ಪಿಗೆ ತೆಗೆದು ಮೇಜಿನ ಮೇಲಿಟ್ಟು, ಅವ್ವನ ಪಕ್ಕದಲ್ಲಿ ಕುಳಿತು, ಕೂದಲು ಸರಿಸಿ ಕಿವಿ ಹತ್ತಿರ ತಂದಳು. ಅವ್ವ ಒಮ್ಮೆ ನನ್ನತ್ತ, ಒಮ್ಮೆ ಬಾಗಿಲತ್ತ ನೋಡಿ, ಬಾಯಿಗೆ ಸೆರಗು ಅಡ್ಡ ಹಿಡಿದು ಆ ಕಿವಿಯಲ್ಲಿ ಹೇಳಿದಳು. ಒಂದು ಮಾತಲ್ಲ, ಬಹಳ ಹೊತ್ತು ಹೇಳಿದಳು, ಎಲ್ಲ ಕನ್ನಡದಲ್ಲೇ. ಆ ಹಿರಿಯಳಿಗೆ ಒಂದು ಅಕ್ಷರ ತಿಳಿದಿರಲಿಕ್ಕಿಲ್ಲ. ಆದರೂ ಕೊನೆಯ ತನಕ ತಲೆಯಾಡಿಸಿ ಕೇಳಿ, ಎದ್ದು ಟೊಪ್ಪಿಗೆ ಇಟ್ಟುಕೊಂಡು, ಅರ್ಧ ತುಂಬಿದ ಕಾಗದ ಹರಿದು, ಎರಡು ತಿಂಗಳಿಗೆ ಠಸ್ಸೆ ಒತ್ತಿದಳು. ಬಜೆಯ ಬೇರು ಮಾತ್ರ ಕೊಡಲಿಲ್ಲ. ಅದು ಸಸಿಯಾದೀತಂತೆ.

ಹದಿನೈದು ದಿನಕ್ಕೆ ಹೆರಿಗೆಯಾಯಿತು. ಹೊಟ್ಟೆ ಕೊಯ್ದೇ ತೆಗೆದರು, ಹೆಣ್ಣುಮಗು, ಇಬ್ಬರೂ ಉಳಿದೆವು. ಅವ್ವ ಆಮೇಲೆ ಬಾಯಿಗೆ ಹಾಕಿದ್ದ ಬೀಗ ತೆಗೆದಳು. ಬೇಕರಿಯವನಿಗೆ, ಬಸ್ಸಿನವನಿಗೆ, ಈ ಸಲ ತನ್ನ ರಕ್ತ ತೆಗೆಯಲು ಬಂದ ಬಿಳಿ ಅಂಗಿಯವನಿಗೆ, ಸಿಕ್ಕವರಿಗೆಲ್ಲ ಮೊಮ್ಮಗಳ ಸುದ್ದಿ ಹೇಳಿದಳು. ಮಾದಾಮ್ ರೋಜ್ ಬಾಣಂತಿಗೆಂದು ನುಗ್ಗೆಸೊಪ್ಪು ತಂದಳು. ಅದಕ್ಕೆ ಇಲ್ಲಿ ಬ್ರೇದ್ ಮುರುಮ್ ಎನ್ನುತ್ತಾರೆ, ಹಾಲು ಹೆಚ್ಚಾಗುತ್ತದೆ ಎನ್ನುತ್ತಾರೆ. ಅವ್ವ ಅದಕ್ಕೆ ಬೆಳ್ಳುಳ್ಳಿ ಹಾಕಿ ಪಲ್ಯ ಮಾಡಿ ಅರ್ಧ ಅವಳಿಗೇ ಕೊಟ್ಟಳು. ಇಬ್ಬರೂ ಮೆಟ್ಟಿಲ ಮೇಲೆ ಕುಳಿತು ಗಂಟೆಗಟ್ಟಲೆ ಮಾತಾಡುತ್ತಿದ್ದರು, ಆಕೆ ಕ್ರಿಯೋಲಿನಲ್ಲಿ, ಈಕೆ ಮುಧೋಳದ ಕನ್ನಡದಲ್ಲಿ. ಎರಡು ವರ್ಷ ಈ ಮನೆಯಲ್ಲಿದ್ದರೂ ನನಗೆ ಆಗದ ಬಳಕೆ ಎಂಟು ದಿನದಲ್ಲಿ ಅವ್ವನಿಗಾಗಿತ್ತು. ಸಣ್ಣಗೆ ಹೊಟ್ಟೆಕಿಚ್ಚಾಯಿತು ಎಂದರೆ ಸುಳ್ಳಲ್ಲ.

ಅರ್ಜಿ ಹಾಕಿದರೆ ಇನ್ನೊಂದಿಷ್ಟು ದಿನ ಸಿಗುತ್ತಿತ್ತು. ಮನೆಯವರು ಫಾರ್ಮು ತಂದೂ ಇಟ್ಟಿದ್ದರು. ಅವ್ವ ಒಪ್ಪಲಿಲ್ಲ.

"ಆ ಸಾಹೇಬತಿಗೆ ಕಿವ್ಯಾಗ ಹೇಳೇನಿ, ಮಗಳ ಬಾಣಂತನ ಮುಗದ ಕೂಡಲೆ ಹೋಗತೇನಿ, ನಿಮ್ಮ ಊರಾಗ ಒಂದ ದಿನ ಹೆಚ್ಚ ಇರೂದಿಲ್ಲ ಅಂತ."

"ಆಕಿಗೆ ಏನ ತಿಳದಿತ್ತ ಬೇ?"

"ತಿಳೀಲಿ ಬಿಡ್ಲಿ. ನಾ ಹೇಳೇನಲ್ಲ."

ನಮ್ಮಲ್ಲಿ ಬಾಣಂತನ ಮುಗಿದ ಮೇಲೆ ತವರಿನವರು ಮಗಳ ಉಡಿ ತುಂಬಿ, ತೊಟ್ಟಿಲು ಕೊಟ್ಟು ಕಳಿಸುತ್ತಾರೆ. ಇಲ್ಲಿ ಮಗಳು ಇದ್ದಲ್ಲಿಯೇ ಇದ್ದಾಳೆ, ಹೊರಟವಳು ತಾಯಿ. ಹೇಗೆ ಕಳಿಸಬೇಕೆಂದು ನನಗೆ ತಿಳಿಯಲಿಲ್ಲ. ಹೊರಡುವ ಮುಂಜಾನೆ ಆಕೆಯನ್ನು ಮಣೆಯ ಮೇಲೆ ಕೂಡಿಸಿ, ಕುಂಕುಮ ಹಚ್ಚಿ, ಪೆಟ್ಟಿಗೆಯಲ್ಲಿದ್ದ ಗುಳೇದಗುಡ್ಡದ ಖಣ ತೆಗೆದು, ಅಕ್ಕಿ, ಕೊಬ್ಬರಿಬಟ್ಟಲು, ಉತ್ತತ್ತಿ ಇಟ್ಟು ಆಕೆಯ ಉಡಿಗೆ ಹಾಕಿದೆ. ಮಗಳು ತಾಯಿಯ ಉಡಿ ತುಂಬಬಹುದೋ ಇಲ್ಲವೋ ಯಾರನ್ನು ಕೇಳಲಿ? ಅವ್ವ ಬೇಡ ಎನ್ನುತ್ತಾಳೆಂದು ಅಂಜಿದ್ದೆ.

ಆಕೆ ಉಡಿಯೊಳಗಿನ ಅಕ್ಕಿಯ ಮೇಲೆ ಕೈಯಾಡಿಸುತ್ತ ಕುಳಿತಳು. ಅವ್ವನ ತವರು ಬೀಳಗಿ ತಾಲೂಕಿನ ಹೊಳೆದಂಡೆಯ ಹಳ್ಳಿ. ಆಲಮಟ್ಟಿಯ ಹಿನ್ನೀರು ಬಂದಾಗ ಅದು ಮುಳುಗಿತು, ಸೋದರಮಾವಂದಿರು ಪರಿಹಾರ ಹಿಡಿದುಕೊಂಡು ದಿಕ್ಕಿಗೊಬ್ಬರಾದರು. ನಮ್ಮ ಮನೆಯಲ್ಲಿ ಆ ಮಾತನ್ನು ಯಾರೂ ಎತ್ತುತ್ತಿರಲಿಲ್ಲ.

"ನೀರ ಬಂದ ಮ್ಯಾಲೆ ನನ್ನ ಉಡಿ ಯಾರೂ ತುಂಬಿದ್ದಿಲ್ಲ, ಶೈಲಾ," ಎಂದಳು. "ಯಾವ ಹೊಸ್ತಲಕ್ಕ ಅಂತ ಹೋಗ್ಲಿ? ಇವತ್ತ ತವರಮನಿಯಿಂದ ಹೊಂಟಂಗ ಆತು."

ವರ್ಷಕ್ಕೊಮ್ಮೆ ಕಾಗದ ಹಿಡಿದು ಹೋಗಿ ಇನ್ನೊಂದು ವರ್ಷ ಇರಲು ಬಿಡಿ ಎಂದು ಕೇಳಿಕೊಳ್ಳುವವಳು ನಾನು. ಈ ಮನೆ ಬಾಡಿಗೆಯದು, ಈ ನೆಲ ಇನ್ನೊಬ್ಬರದು, ನನ್ನ ತವರು ಎಂದರೆ ಅವ್ವ ಇದ್ದಲ್ಲಿ, ಮುಧೋಳದಲ್ಲಿ. ಹಾಗೆಂದೇ ತಿಳಿದಿದ್ದೆ. ಕೂಸನ್ನು ಎತ್ತಿಕೊಂಡು ಆಕೆಯನ್ನು ಕಳಿಸಲು ಬಾಗಿಲಿಗೆ ಬಂದೆ. ಅವ್ವ ಉಡಿ ಕಟ್ಟಿಕೊಂಡು ಎದ್ದಳು, ಹೊಸ್ತಿಲು ದಾಟುವ ಮುನ್ನ ಬಗ್ಗಿ ಅದನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು, ತವರು ಬಿಟ್ಟು ಹೊರಡುವ ಹೆಣ್ಣುಮಕ್ಕಳು ಮಾಡುವ ಹಾಗೆ.