ಶ್ರಾವಣಕ್ಕೆ ಬರಬೇಕಿದ್ದ ಚಿಪ್

ಕಂಪ್ಯೂಟರ್ ಯಾವಾಗ ಕೊಳ್ಳಬೇಕು ಎಂದು ಯಾರಾದರೂ ಕೇಳಿದರೆ ಈಗ ನನಗೆ ಮೈ ಉರಿಯುತ್ತದೆ. ಮೊದಲು ಹಾಗಿರಲಿಲ್ಲ. ನಾನು ಪಾಲಿಟೆಕ್ನಿಕ್ ಒಂದರಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುವವನು. ಪದ್ಮನಾಭನಗರದ ನಮ್ಮ ಬೀದಿಯಲ್ಲಿ ಯಾರೇ ಕಂಪ್ಯೂಟರ್ ಕೊಳ್ಳಲಿ, ಮೊದಲು ನಮ್ಮ ಗೇಟು ತಟ್ಟುತ್ತಿದ್ದರು. ನಾನು ಗಂಟಲು ಸರಿಮಾಡಿಕೊಂಡು, "ಈಗ ಬೇಡಿ, ಇನ್ನೆರಡು ತಿಂಗಳು ತಡೀರಿ, ಹೊಸದು ಬರ್ತಾ ಇದೆ" ಎನ್ನುತ್ತಿದ್ದೆ. ಯಾರು ಬಂದರೂ ಇದೇ ಮಾತು. ಅವರು ತಲೆಯಾಡಿಸಿ ಹೋಗಿ, ಮಾರನೆಯ ದಿನವೇ ತಮಗೆ ಬೇಕಾದ್ದನ್ನು ಕೊಂಡು ತರುತ್ತಿದ್ದರು. ಬುದ್ಧಿವಂತರು. ನನ್ನ ಮಾತನ್ನು ಪೂರ್ತಿ ನಂಬಿದವರೆಂದರೆ ಅಪ್ಪ ಒಬ್ಬರೇ.

ಅಪ್ಪನಿಗೆ ಎಪ್ಪತ್ತೆಂಟು. ಕಾರ್ಖಾನೆ ಕೆಲಸಕ್ಕೆ ಸೇರಿದ ಹೊಸದರಲ್ಲಿ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಕೊಂಡು, ಸಿಕ್ಕಸಿಕ್ಕವರನ್ನೆಲ್ಲ ಬಿಸಿಲಲ್ಲಿ ನಿಲ್ಲಿಸಿ ಫೋಟೋ ಹೊಡೆದವರು. ಆ ಆಲ್ಬಂಗಳನ್ನು ಹಳೆಯ ಬಾಡಿಗೆ ಮನೆಯ ಗೆದ್ದಲು ತಿಂದುಹಾಕಿತು. ಉಳಿದದ್ದು ಬಿಸ್ಕತ್ತಿನ ತಗಡಿನ ಡಬ್ಬದಲ್ಲಿದ್ದ ನೆಗೆಟಿವ್‌ಗಳು ಮಾತ್ರ. ಅವುಗಳಲ್ಲೆಲ್ಲೋ ಅಪ್ಪನ ಅವ್ವ ಇದ್ದರು. ಆಕೆಯದು ಎಂದು ಇದ್ದದ್ದು ಒಂದೇ ಚಿತ್ರ, ಯಾರದೋ ಮದುವೆಯ ಚಪ್ಪರದ ಕೆಳಗೆ ತೆಗೆದದ್ದು. ಅದಾದ ವರ್ಷದೊಳಗೆ ತೀರಿಕೊಂಡರು. ಅಪ್ಪನ ಮದುವೆ ಆಮೇಲೆ ಆದದ್ದು, ಹಾಗಾಗಿ ನನ್ನ ಅಮ್ಮ ಕೂಡ ಅತ್ತೆಯ ಮುಖ ನೋಡಿರಲಿಲ್ಲ. ಈಗ ಅಮ್ಮನೂ ಇಲ್ಲ, ಅಪ್ಪನ ಒಡಹುಟ್ಟಿದವರೂ ಯಾರೂ ಉಳಿದಿಲ್ಲ. ಆ ಮುಖವನ್ನು ನೋಡಿ "ಇವಳೇ" ಎಂದು ಹೇಳಬಲ್ಲವರು ಅಪ್ಪ ಒಬ್ಬರೇ.

ಮಹಾಲಯ ಅಮಾವಾಸ್ಯೆಗೆ ನಮ್ಮಲ್ಲಿ ಹಿರಿಯರಿಗೆ ಎಡೆ ಇಡುತ್ತೇವೆ. ಗೋಡೆಯ ಮೇಲಿನ ಫೋಟೋಗಳನ್ನು ಇಳಿಸಿ, ಒರೆಸಿ, ಸಾಲಾಗಿ ನಿಲ್ಲಿಸಿ, ಒಬ್ಬೊಬ್ಬರ ಮುಂದೆ ಒಂದೊಂದು ಬಾಳೆಲೆ ಹಾಕಿ, ಅವರವರಿಗೆ ಇಷ್ಟವಾದದ್ದನ್ನು ಬಡಿಸಿ, ಬಾಗಿಲು ಮುಂದೆ ಮಾಡಿಕೊಂಡು ಸ್ವಲ್ಪ ಹೊತ್ತು ಹೊರಗೆ ಕೂರುವುದು. ತಾತನ ಫೋಟೋ ಇದೆ, ಅಮ್ಮನದಿದೆ. ಅಪ್ಪನ ಅವ್ವನ ಜಾಗದಲ್ಲಿ ಮಾತ್ರ ಒಂದು ಹಿತ್ತಾಳೆ ತಂಬಿಗೆ. ಇಷ್ಟು ವರ್ಷವೂ ಅಪ್ಪ ಆ ತಂಬಿಗೆಗೇ ಕೈಮುಗಿದುಕೊಂಡು ಬಂದರು.

ಹೋದ ವರ್ಷ ಯುಗಾದಿ ಕಳೆದ ವಾರ, ಜಯನಗರದ ಕಣ್ಣಿನ ಡಾಕ್ಟರು ಅಪ್ಪನ ಬಲಗಣ್ಣಿನ ನಡುಭಾಗದ ದೃಷ್ಟಿ ಹೋಗಿದೆ, ಎಡಗಣ್ಣೂ ಅದೇ ದಾರಿ ಹಿಡಿದಿದೆ ಎಂದರು. ಎಷ್ಟು ದಿನ ಎಂದು ಕೇಳಿದೆ.

"ಇಷ್ಟೇ ಅಂತ ಹೇಳೋಕಾಗಲ್ಲ ಸಾರ್. ಓದೋದು, ನೋಡೋದು ಏನಾದ್ರೂ ಇದ್ರೆ ಬೇಗ ಮುಗಿಸ್ಕೊಳ್ಳಿ."

ಮನೆಗೆ ಬರುವಾಗ ಆಟೋದಲ್ಲಿ ಅಪ್ಪ ನನ್ನ ಮೊಣಕಾಲಿನ ಮೇಲೆ ಕೈಯಿಟ್ಟರು. "ಈ ಸಲ ಅಮಾವಾಸ್ಯೆಗೆ ಅವ್ವನ ಫೋಟೋ ಇಟ್ಬಿಡೋಣ ಕಣೋ. ನಾನು ಗುರುತು ಹಿಡಿದು ತೋರಿಸ್ತೀನಿ, ನೀನು ದೊಡ್ಡದು ಮಾಡ್ಸು."

"ಆಯ್ತಪ್ಪ" ಎಂದೆ. ನನ್ನ ಹತ್ತಿರ ನೆಗೆಟಿವ್ ಸ್ಕ್ಯಾನ್ ಮಾಡುವ ಯಂತ್ರವಿತ್ತು, ಹಳೆಯದು, ಒಳ್ಳೆಯದು. ಅದನ್ನು ಸಿಕ್ಕಿಸಲು ಕಂಪ್ಯೂಟರ್ ಇರಲಿಲ್ಲ. ಲ್ಯಾಬಿನ ಕಂಪ್ಯೂಟರುಗಳಿಗೆ ಹೊರಗಿನ ಯಂತ್ರ ಸಿಕ್ಕಿಸುವ ಹಾಗಿರಲಿಲ್ಲ. ಮನೆಯಲ್ಲಿದ್ದ ಕಂಪ್ಯೂಟರಿನ ಮದರ್‌ಬೋರ್ಡ್ ಅದೇ ತಿಂಗಳು ಸುಟ್ಟುಹೋಗಿತ್ತು.

ನನ್ನ ಹೆಂಡತಿ ಸಾಂಬಾರಿಗೆ ಒಗ್ಗರಣೆ ಹಾಕುತ್ತಲೇ ದಾರಿ ಹೇಳಿಬಿಟ್ಟಳು. "ಜೆಪಿ ನಗರದಲ್ಲಿ ಸ್ಟುಡಿಯೋ ಇದೆಯಲ್ಲಾ ರೀ, ಡಬ್ಬ ಕೊಟ್ಟು ಬನ್ನಿ. ಒಂದು ವಾರದಲ್ಲಿ ಪೆನ್ ಡ್ರೈವ್‌ಗೆ ಹಾಕಿ ಕೊಡ್ತಾರೆ."

"ಅವರು ಕೈಗೆ ಸಿಕ್ಕ ಹಾಗೆ ಎಳೆದು ಗೀರು ಬೀಳಿಸ್ತಾರೆ. ನಾನಿರೋವಾಗ ಸ್ಟುಡಿಯೋ ಯಾಕೆ?"

ನಾನಿರೋವಾಗ! ಆ ಮಾತು ನೆನಪಾದಾಗಲೆಲ್ಲ ನನ್ನ ಕಪಾಳಕ್ಕೆ ನಾನೇ ಎರಡು ಬಾರಿಸಿಕೊಳ್ಳಬೇಕು ಎನಿಸುತ್ತದೆ.

ಜಯನಗರದ ಕಾಂಪ್ಲೆಕ್ಸ್ ಹಿಂದುಗಡೆ ನನಗೆ ಪರಿಚಯದ ಒಂದು ಕಂಪ್ಯೂಟರ್ ಅಂಗಡಿ ಇದೆ. ಅಂಗಡಿಯವರು ಒಳ್ಳೆಯ ಮನುಷ್ಯ. "ಇವತ್ತು ಹೇಳಿ, ನಾಳೆ ಸಂಜೆಗೆ ಜೋಡಿಸಿ ಕೊಡ್ತೀನಿ ಸಾರ್" ಎಂದರು. ನಾನು ಹೆಲ್ಮೆಟ್ ಇಟ್ಟು, ಸ್ಟೂಲಿನ ಮೇಲೆ ಕೂತು, ಅವರಿಗೆ ಪಾಠ ಶುರುಮಾಡಿದೆ. ಈಗಿನ ಚಿಪ್ ಕೂರುವ ಸಾಕೆಟ್ ಇದೇ ಕೊನೆ, ಮುಂದಿನದಕ್ಕೆ ಬೇರೆ ಬೋರ್ಡೇ ಬೇಕು. ಆ ಹೊಸ ಚಿಪ್ ಶ್ರಾವಣದ ಹೊತ್ತಿಗೆ ಬರುತ್ತದೆ. ಹಳೆಯ ಆಪರೇಟಿಂಗ್ ಸಿಸ್ಟಮ್ಮಿಗೆ ದಸರಾ ಆದಮೇಲೆ ಅಪ್‌ಡೇಟ್ ಇಲ್ಲ, ಆದ್ದರಿಂದ ಹೊಸದನ್ನೇ ಹಾಕಬೇಕು. ಹೊಸದರ ಮೇಲೆ ನನ್ನ ಸ್ಕ್ಯಾನರ್ ಓಡಬೇಕೆಂದರೆ ಅದರ ಸಾಫ್ಟ್‌ವೇರಿನ ಹೊಸ ಆವೃತ್ತಿ ಬೇಕು, ಅದೂ ಆಗಲೇ ಬರುವುದಂತೆ. ಎಲ್ಲವೂ ಶ್ರಾವಣಕ್ಕೇ ಕೂಡಿಬರುವಾಗ ವೈಶಾಖದಲ್ಲಿ ಕೊಳ್ಳುವವನು ಪೆದ್ದ. ಅಂಗಡಿಯವರು ಪಾಪ, ಎಲ್ಲಕ್ಕೂ ಹೂಂಗುಟ್ಟಿ ಕಾಫಿ ತರಿಸಿದರು.

ಅಪ್ಪ ಜ್ಯೇಷ್ಠದ ಕೊನೆಯಲ್ಲಿ ಒಮ್ಮೆ ಕೇಳಿದರು. "ಆಷಾಢ ಬರೋ ಮುಂಚೆ ತಗೊಂಡ್ಬಿಡೋ. ಆಮೇಲೆ ಒಂದು ತಿಂಗಳು ತರೋ ಹಾಗಿಲ್ಲ."

ಪಕ್ಕದ ಮನೆಯವರು ಆಷಾಢವೆಂದು ಸ್ಕೂಟರನ್ನು ಶೋರೂಮಿನಲ್ಲೇ ಬಿಟ್ಟಿದ್ದಕ್ಕೆ ಬೀದಿಯಲ್ಲಿ ನಿಂತು ನಕ್ಕವನು ನಾನು. ಅಂಥವನು ಅಪ್ಪನಿಗೆ ಏನು ಹೇಳಿದೆ ಗೊತ್ತೇ? "ಅವಸರ ಯಾಕಪ್ಪ, ಆಷಾಢ ಕಳೀಲಿ, ಶ್ರಾವಣದಲ್ಲಿ ಶುಭವಾಗಿ ತರೋಣ." ಅಪ್ಪನಿಗೆ ಖುಷಿಯೋ ಖುಷಿ, ಮಗನಿಗೆ ಕೊನೆಗೂ ಬುದ್ಧಿ ಬಂತು ಎಂದು. ನನಗೆ ನಾಚಿಕೆಯಾಗಲಿಲ್ಲ. ಮಾತು ಸುಲಭವಾಗಿ ಮುಗಿಯಿತಲ್ಲ ಎಂದು ಸಮಾಧಾನವಾಯಿತು.

ಆ ಆಷಾಢದ ಬೆಳಗುಗಳಲ್ಲಿ ಅಪ್ಪ ಕಿಟಕಿಯ ಹತ್ತಿರ ಕುರ್ಚಿ ಎಳೆದುಕೊಂಡು, ನೆಗೆಟಿವ್ ಪಟ್ಟಿಗಳನ್ನು ಬೆಳಕಿಗೆ ಹಿಡಿದು, ಭೂತಗನ್ನಡಿಯಲ್ಲಿ ನೋಡುತ್ತಿದ್ದರು. ಕಪ್ಪು ಮುಖ, ಬಿಳಿ ಕೂದಲು. ಎಲ್ಲರೂ ಒಂದೇ ಥರ ಕಾಣುತ್ತಿದ್ದರು. "ಇದರಲ್ಲಿ ಆಗಲ್ಲಪ್ಪ, ನಿನ್ನ ಕಂಪ್ಯೂಟರ್ ಬರಲಿ" ಎಂದು ಪಟ್ಟಿಯನ್ನು ಜೋಪಾನವಾಗಿ ಡಬ್ಬಕ್ಕೆ ಹಾಕುತ್ತಿದ್ದರು. ಮೊದಮೊದಲು ಪಟ್ಟಿಯನ್ನು ಕಣ್ಣಿನ ನೇರಕ್ಕೆ ಹಿಡಿಯುತ್ತಿದ್ದವರು ಬರುಬರುತ್ತಾ ಪಕ್ಕಕ್ಕೆ ಹಿಡಿದು ಓರೆಯಾಗಿ ನೋಡತೊಡಗಿದರು. ಅದು ನನಗೆ ಕಂಡಿತ್ತು. ಕಂಡೂ ಅಂಗಡಿಯ ಕಡೆ ಹೊರಡಲಿಲ್ಲ.

ಶ್ರಾವಣ ಬಂತು, ಚಿಪ್ ಬರಲಿಲ್ಲ. ಮುಂದಕ್ಕೆ ಹೋಗಿದೆ ಎಂದು ಸುದ್ದಿ. ಸ್ಕ್ಯಾನರಿನ ಸಾಫ್ಟ್‌ವೇರ್ ಪುಟದಲ್ಲಿ "ಶೀಘ್ರದಲ್ಲೇ" ಎಂಬ ಒಂದು ಪದ ಹಲ್ಲು ಕಿರಿದುಕೊಂಡು ಕೂತಿತ್ತು. ದಿನಾ ಬೆಳಗ್ಗೆ ಹಲ್ಲುಜ್ಜುವ ಮೊದಲು ಆ ಪುಟ ನೋಡಿ ತಲೆ ಕೆಡಿಸಿಕೊಳ್ಳುತ್ತಿದ್ದೆ. ಇಷ್ಟು ಕಾದಿದ್ದೇನೆ, ಇನ್ನೊಂದು ತಿಂಗಳಲ್ಲಿ ಏನು ಹೋದೀತು ಎಂಬ ಹಾಳು ಹಟ ಬೇರೆ. ಗಣೇಶನ ಹಬ್ಬ ಕಳೆಯಿತು. ಪಿತೃಪಕ್ಷ ಶುರುವಾದ ದಿನ ಹೆಂಡತಿ ತಡೆಯಲಾರದೆ ಅಂದುಬಿಟ್ಟಳು.

"ಮಾವನವರು ಪಂಚಾಂಗ ನೋಡಿದ್ರೆ ನಗ್ತೀರಲ್ಲ, ನೀವು ಮಾಡ್ತಿರೋದೇನು? ಅವರ ಪಂಚಾಂಗದಲ್ಲಿ ಆಷಾಢ ಒಂದೇ ತಿಂಗಳು ರೀ. ನಿಮ್ಮದರಲ್ಲಿ ವರ್ಷವೆಲ್ಲಾ ಆಷಾಢ!"

ನಾನು ರೇಗಿದೆ. ಸಾಕೆಟ್ಟು, ಡ್ರೈವರು, ಅಪ್‌ಡೇಟು ಎಂದು ಏನೇನೋ ಒದರಿದೆ. ಅವಳು ಕೇಳಿಸಿಕೊಳ್ಳದೆ ಬಟ್ಟೆ ಒಣಹಾಕಲು ಮಹಡಿಗೆ ಹೋದಳು. ಅಮಾವಾಸ್ಯೆಯ ದಿನ ತಾತನ ಫೋಟೋದ ಪಕ್ಕ ಮತ್ತೆ ಅದೇ ತಂಬಿಗೆ ಕೂತಿತು. ಅಪ್ಪ ಅದಕ್ಕೆ ಹೂವು ಏರಿಸಲು ಹೋದಾಗ ಹೂವು ತಂಬಿಗೆಯ ಪಕ್ಕಕ್ಕೆ ಬಿತ್ತು. "ಇರ್ಲಿ ಬಿಡೋ, ಮುಂದಿನ ವರ್ಷ ಇಡೋಣ" ಎಂದು ನನಗೇ ಸಮಾಧಾನ ಹೇಳಿದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಕಾರ್ತಿಕದಲ್ಲಿ ಕೊನೆಗೂ ಹೊಸ ಚಿಪ್ ಬಂತು, ಹೊಸ ಬೋರ್ಡ್ ಬಂತು, ಹೊಸ ಸಿಸ್ಟಂ ಹಾಕಿದೆ. ಅಪ್ಪ ತಡವರಿಸಿಕೊಂಡು ಬಂದು ಅದಕ್ಕೆ ಅರಿಶಿನ ಕುಂಕುಮ ಇಟ್ಟರು. ಸ್ಕ್ಯಾನರ್ ಸಿಕ್ಕಿಸಿದರೆ, ಈ ಯಂತ್ರ ಯಾವುದೋ ನನಗೆ ಗೊತ್ತಿಲ್ಲ ಎಂದಿತು ಕಂಪ್ಯೂಟರ್. ಸಾಫ್ಟ್‌ವೇರಿನ ಹೊಸ ಆವೃತ್ತಿ ಬಂದಿತ್ತು, ಆದರೆ ಅದರ ಪಟ್ಟಿಯಿಂದ ನನ್ನ ಸ್ಕ್ಯಾನರನ್ನೇ ಕೈಬಿಟ್ಟಿದ್ದರು. ಹಳೆಯದಾಯಿತಂತೆ! ಎರಡು ವಾರ ಹೆಣಗಾಡಿದೆ, ಸೋತೆ. ಅಂಗಡಿಗೆ ಹೋಗಿ ತಲೆಯ ಮೇಲೆ ಕೈಹೊತ್ತು ಕೂತೆ.

ಅಂಗಡಿಯವರು ನಿಧಾನವಾಗಿ ಕೇಳಿದರು. "ಆ ಸ್ಕ್ಯಾನರ್‌ಗೆ ಹಳೇ ಸಿಸ್ಟಂ ಸಾಕಲ್ವಾ ಸಾರ್? ಇಂಟರ್ನೆಟ್ಟಿಗೆ ಸಿಕ್ಕಿಸದಿದ್ರೆ ಅಪ್‌ಡೇಟ್ ಯಾಕೆ ಬೇಕು? ಇಲ್ಲೇ ಒಂದು ಹಳೇ ಕಂಪ್ಯೂಟರ್ ಬಿದ್ದಿದೆ, ತಗೊಂಡೋಗಿ."

"ಎಲ್ಲಿದೆ?"

"ಯುಗಾದಿಯಿಂದ ಅಲ್ಲೇ ಇದೆ ಸಾರ್. ಬಂದಾಗೆಲ್ಲ ನೀವು ಹೆಲ್ಮೆಟ್ ಇಡ್ತೀರಲ್ಲ, ಅದೇ."

ನೋಡಿದೆ. ಆಗಲೂ ನನ್ನ ಹೆಲ್ಮೆಟ್ ಅದರ ಮೇಲೇ ಇತ್ತು. ಮನೆಗೆ ತಂದು ಸ್ಕ್ಯಾನರ್ ಸಿಕ್ಕಿಸಿದೆ. ಕಾಫಿ ಆರುವಷ್ಟರಲ್ಲಿ ಮೊದಲ ಚಿತ್ರ ಪರದೆಯ ಮೇಲಿತ್ತು.

ಮದುವೆ ಚಪ್ಪರದ ಪಟ್ಟಿ ಸಿಕ್ಕಿದ್ದು ಒಂದು ಭಾನುವಾರ ಬೆಳಗ್ಗೆ. ಐವರು ಹೆಂಗಸರು ಸಾಲಾಗಿ ನಿಂತಿದ್ದರು. ಸೀರೆಯ ಅಂಚಿನ ಚೌಕುಳಿಯೂ ಎಣಿಸುವಂತೆ ಕಾಣುತ್ತಿತ್ತು. ಅಪ್ಪನನ್ನು ಕರೆದುಕೊಂಡು ಬಂದು ಪರದೆಯ ಮುಂದೆ ಕೂರಿಸಿದೆ. ಅವರು ನೆಟ್ಟಗೆ ನೋಡಿದರು, ಬಲಕ್ಕೆ ವಾಲಿ ನೋಡಿದರು, ಎಡಕ್ಕೆ ವಾಲಿ ನೋಡಿದರು.

"ನಡುವೆ ಬರೀ ಬೂದಿ ಬೂದಿ ಕಣೋ. ಎಷ್ಟು ಜನ ಇದಾರೆ?"

"ಐದು ಜನ ಅಪ್ಪ."

"ಮೂಗುಬಟ್ಟು ಹಾಕಿರೋರು?"

"ಇಬ್ಬರು. ಎರಡನೆಯವರು, ಮೂರನೆಯವರು. ಮಧ್ಯೆ ಚಪ್ಪರದ ಕಂಬ ಇದೆ."

"ಯಾರು ನಗ್ತಿದಾರೆ?"

"ಯಾರೂ ನಗ್ತಿಲ್ಲ."

ಅಪ್ಪ ಬೆರಳು ಚಾಚಿದರು. ಪರದೆ ಎಷ್ಟು ದೂರವಿದೆ ಎಂದು ತಿಳಿಯದೆ ಬೆರಳು ಗಾಳಿಯಲ್ಲಿ ತಡಕಿ, ಆಮೇಲೆ ಗಾಜಿಗೆ ತಾಗಿತು. ಅದು ಕೂತದ್ದು ಆ ಕಂಬದ ಮೇಲೆ.

"ಇವಳೇ" ಎಂದರು. ಮುಖ ಅರಳಿತ್ತು. "ನೋಡೋ, ನನ್ನ ಥರಾನೇ ಇಲ್ವಾ?"

ಹೆಂಡತಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಹೂಂ ಅಪ್ಪ, ನಿಮ್ಮ ಥರಾನೇ ಇದಾರೆ" ಎಂದೆ.

ಜೆಪಿ ನಗರದ ಅದೇ ಸ್ಟುಡಿಯೋಗೆ ಹೋಗಿ, ಕಂಬವನ್ನು ನಡುವೆ ಬಿಟ್ಟು, ಆಚೆ ಈಚೆಯ ಇಬ್ಬರನ್ನೂ ಸೇರಿಸಿ ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ತಂದೆ. ಹೆಂಡತಿ ಫೋಟೋವನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದಳು.

"ಮುಂದಿನ ವರ್ಷದ ಎಡೆಗೆ ಒಂದು ಎಲೆ ಜಾಸ್ತಿ ಹಾಕ್ತೀನಿ ಬಿಡಿ" ಎಂದಳು.