ಗೌರಾಮಿಗೆ ಜಾಗ ಸಾಲಲ್ಲ

ಗೆಳೆಯರೇ, ಇವತ್ತು ಆರ್.ಟಿ. ನಗರದ ಬಣ್ಣದ ಮೀನಿನ ಅಂಗಡಿಯಲ್ಲಿ ನನ್ನ ಮಾನ ಹೋಯಿತು. ಇನ್ನು ನಮ್ಮ ಮನೆಯಲ್ಲೇ ಇರಲೆಂದು ಮೊನ್ನೆ ಬಂದ ಅತ್ತೆ ಗೌರಮ್ಮನವರೂ ಜೊತೆಗಿದ್ದರು. ನಾನು ಮನೆಯಲ್ಲಿರುವ ಮೀನಿನ ತೊಟ್ಟಿಯ ಅಳತೆ ಹೇಳಿ, ಗೌರಾಮಿ ಎಂಬ ಮೀನು ಕೇಳಿದೆ. ಅಂಗಡಿಯ ಖಾದರ್ ಭಾಯಿ ಅಡ್ಡಡ್ಡ ತಲೆಯಾಡಿಸಿದರು. “ನಿಮ್ದು ಚಿಕ್ಕದು ಸಾರ್. ಗೌರಾಮಿಗೆ ಜಾಗ ಸಾಲಲ್ಲ.”

ಅತ್ತೆಗೆ ತಮ್ಮ ಹೆಸರೇ ಕೇಳಿಸಿತು. ಕಣ್ಣು ತುಂಬಿ ಬಂತು. “ನಾಳೇನೇ ಬಸ್ ಹತ್ತಿಸ್ಬಿಡಿ ಅಳಿಯಂದ್ರೇ. ಇದನ್ನ ಅಂಗಡಿಯೋರ ಕೈಲಿ ಯಾಕೆ ಹೇಳಿಸ್ತೀರಾ?”

ಭಾಯಿ ಗಾಬರಿಯಾಗಿ ಮೀನನ್ನೇ ತೋರಿಸಿದರು. “ಅಮ್ಮಾ, ಗೌರಾಮಿ ಅಂದ್ರೆ ಇದು!” ಅತ್ತೆ ನಂಬಲಿಲ್ಲ. ಕೊನೆಗೆ ನಾನು ದೊಡ್ಡ ತೊಟ್ಟಿಯನ್ನೇ ಕೊಂಡು, ಗೌರಾಮಿಯನ್ನು ಅವರ ಕೈಗೇ ಕೊಟ್ಟೆ.

ಈಗ ಇಬ್ಬರು ಗೌರಮ್ಮಂದಿರೂ ಒಳಗೆ ಸುಖವಾಗಿದ್ದಾರೆ. ಜಾಗ ಸಾಲದೆ ನಾನೂ ನನ್ನ ರೇಡಿಯೊವೂ ಜಗುಲಿಗೆ ಬಂದಿದ್ದೇವೆ.