ಜಂಗ್ಲಿಸಾಬ್ ಬಿಚ್ಚಿದ ಮುಖವಾಡ

ಮಸ್ಕಿ ಬಸ್ ನಿಲ್ದಾಣದ ಹಿಂದೆ ಜಂಗ್ಲಿಸಾಬನ ರದ್ದಿ ಅಂಗಡಿ. ಬಂದ ಕಾಗದವನ್ನೆಲ್ಲ ತೂಕಕ್ಕೆ ಹಾಕುವವನು ಹಳೆಯ ಕಾಮಿಕ್ಸ್ ಸಿಕ್ಕರೆ ಮಾತ್ರ ಎತ್ತಿಡುತ್ತಿದ್ದ. ಮುಖವಾಡದ ವೀರರು ಕೊಲೆಗಾರರನ್ನು ಪತ್ತೆ ಹಚ್ಚುವ ಕಥೆಗಳೆಂದರೆ ಅವನಿಗೆ ಪ್ರಾಣ. ಅವನಷ್ಟೇ ಹುಚ್ಚು ಇದ್ದದ್ದು ಗುರುಗುಂಟಾದ ಹನುಮಂತರಾಯನಿಗೆ. ಮಸ್ಕಿಯಲ್ಲಿ ಕಾಲೇಜು ಓದುವಾಗ ಶುರುವಾದ ಚಟ, ಟ್ರ್ಯಾಕ್ಟರ್ ಕೊಂಡ ಮೇಲೂ ಬಿಟ್ಟಿರಲಿಲ್ಲ. ಕೊನೆಯ ಪುಟಕ್ಕೆ ಅಂಗೈ ಅಡ್ಡ ಹಿಡಿದು, "ಕೊಂದಾವ ಯಾರು ಹೇಳು ನೋಡೋಣು, ಚಾಚಾ" ಎಂದು ಪಂಥ ಕಟ್ಟುತ್ತಿದ್ದ.

ಒಂದು ಮಧ್ಯಾಹ್ನ ಗುರುತಿಲ್ಲದ ಗಂಡ ಹೆಂಡತಿ ಏದುಸಿರು ಬಿಡುತ್ತ ಅಂಗಡಿಗೆ ನುಗ್ಗಿದರು.

"ಉಳಸ್ರೀ ಯಜ್ಜಾ! ಕೊಲ್ಲಾಕ ಬಂದಾರ!" ಹೆಂಗಸು ಚೀರಿದಳು.

ಬೆನ್ನಿಗೇ ಮೂವರು ಬಂದರು. ಕಣ್ಣಷ್ಟೇ ಕಾಣುವಂತೆ ಮುಖಕ್ಕೆಲ್ಲ ಟವೆಲ್ ಸುತ್ತಿದ್ದರು. ಕಬ್ಬಿಣದ ರಾಡಿನ ಮೊದಲ ಏಟಿಗೇ ಗಂಡನ ತಲೆ ಬಿರಿಯಿತು. ಎರಡನೆಯದು ಕಣ್ಣಿನ ಮೇಲೆ ಬಿತ್ತು. ಪುಸ್ತಕದ ಅಟ್ಟಿ ಅವನ ಮೈಮೇಲೆ ಉರುಳಿತು. ರಕ್ತ ಚಿಮ್ಮಿ ಬಣ್ಣದ ಹಾಳೆಗಳೆಲ್ಲ ತೊಯ್ದವು. ಎದುರಿನ ಅಂಗಡಿಗಳ ಶಟರ್ ದಡದಡ ಇಳಿದವು.

ಅಡ್ಡ ಹೋದ ಜಂಗ್ಲಿಸಾಬನ ಎಡಗೈ ರಾಡಿಗೆ ಸಿಕ್ಕು ಬೆರಳು ಜಜ್ಜಿಹೋದವು. ಬಲಗೈಗೆ ಸಿಕ್ಕ ತೂಕದ ಕಲ್ಲನ್ನೆತ್ತಿ, ರಾಡು ಹಿಡಿದವನ ಮೊಣಕಾಲಿಗೆ ಬೀಸಿದ. ಮೂಳೆ ಲಟಕ್ಕೆಂದಿತು. ಬಿದ್ದವನ ಟವೆಲ್ ಕಿತ್ತೆಳೆದ.

"ಅಣ್ಣಾ!" ಎಂದಳು ಹೆಂಗಸು.

ಹನುಮಂತರಾಯ.

"ಬಿಡು ಚಾಚಾ. ನಮ್ಮ ಮನೀ ವಿಷಯ ಐತಿದು. ಬ್ಯಾರೆ ಜಾತ್ಯಾವನ ಸಂಗಾಟ ಹೋಗ್ಯಾಳ ಈಕಿ!"

ಜಂಗ್ಲಿಸಾಬ್ ಬಿಡಲಿಲ್ಲ. ಉಳಿದಿಬ್ಬರು ಓಡಿದರು. ಪೊಲೀಸರು ಬರುವತನಕ ಹನುಮಂತರಾಯನ ಎದೆಯ ಮೇಲೆ ಮಂಡಿಯೂರಿ ಕೂತೇ ಇದ್ದ. ಲಿಂಗಸುಗೂರಿನ ಆಸ್ಪತ್ರೆಯಲ್ಲಿ ಆ ಹೆಂಗಸು ರೂಪಾಳ ಗಂಡ ರಾಜೇಶ ಬದುಕಿಕೊಂಡ, ಒಂದು ಕಣ್ಣು ಹೋಯಿತು. ಜಂಗ್ಲಿಸಾಬನ ಎರಡು ಬೆರಳು ತೆಗೆದರು. ಗಂಡ ಹೆಂಡತಿ ಬೇರೆ ಊರು ಸೇರಿ ಅಡಗಿದರು; ಎಲ್ಲಿ ಎಂಬುದು ಜಂಗ್ಲಿಸಾಬನಿಗೆ ಗೊತ್ತಿತ್ತು.

ಕೇಸು ವಿಚಾರಣೆಗೆ ಬರುವ ಹೊತ್ತಿಗೆ ಹೆದರಿಸುವವರು ಬಂದರು. ಸಾಕ್ಷಿ ಹೇಳಬೇಡ ಎಂದರು. ಸಿಂಧನೂರಿಗೆ ಹೋಗುವ ದಾರಿಯಲ್ಲಿ ಅವನನ್ನು ಸ್ಕೂಟರಿನಿಂದ ಕೆಡವಿ ಪಕ್ಕೆಲುಬು ಮುರಿಯುವಂತೆ ಒದ್ದರು. ಕಟ್ಟು ಬಿಗಿದ ಎದೆಯಲ್ಲೇ ಕೋರ್ಟಿಗೆ ಹೋಗಿ, ಕಟಕಟೆಯಲ್ಲಿದ್ದ ಹನುಮಂತರಾಯನತ್ತ ಬೊಟ್ಟು ಮಾಡಿದ. ಹನುಮಂತರಾಯ ತಲೆ ಎತ್ತಲಿಲ್ಲ. ಅವನಿಗೆ ಜೈಲಾಯಿತು. ಆ ದಿನ ಜಂಗ್ಲಿಸಾಬ್ ಒಡಹುಟ್ಟಿದವರು ಸತ್ತಂತೆ ಅತ್ತ.

ಮರುವಾರ ಹನುಮಂತರಾಯನ ತಾಯಿ ಗದ್ದೆಮ್ಮ ಅಂಗಡಿಗೆ ಬಂದು ಕೆನ್ನೆಗೆ ಹೊಡೆದಳು.

"ನನ್ನ ಮಗನ್ನ ತಿಂದಿ, ಸಾಬಾ!"

ಅವನು ಕೈ ಅಡ್ಡ ತರಲಿಲ್ಲ. ಹೊಡೆದು ಹೊಡೆದು ಸೋತು ಕಾಗದದ ಅಟ್ಟಿಯ ಮೇಲೆ ಕುಸಿದವಳು ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು:

"ರೂಪಾ ಹೆಂಗದಾಳ?"

"ಆರಾಮ ಅದಾಳ, ಯಕ್ಕಾ. ಹೆಣ್ಣುಕೂಸು ಹುಟ್ಟೈತಿ."

"ಯಾವೂರಾಗದಾಳ?"

ಜಂಗ್ಲಿಸಾಬ್ ಅವಳಿಗೆ ಕುಡಿಯಲು ನೀರು ಕೊಟ್ಟ. ಊರಿನ ಹೆಸರು ಹೇಳಲಿಲ್ಲ.